ಎಡಕ್ಕೆ ಸರಿದ ದನಿ

ನನ್ನ ಹತ್ತಿರ ಎರಡು ಹೆಡ್‌ಫೋನುಗಳಿವೆ. ಒಂದು ಕರಿದು, ಇನ್ನೊಂದು ಕಂದು ಬಣ್ಣದ್ದು. ಎರಡೂ ಪರದೇಶದವು. ಎರಡರ ಬೆಲೆಯನ್ನೂ ನಾನು ಮನೆಯಲ್ಲಿ ಸರಿಯಾಗಿ ಹೇಳಿಲ್ಲ. ಅಣ್ಣಿಗೇರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಈರೇಶನಿಗೆ ಇಂಥವೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಮದುವೆಗೆ, ಬಸುರಿಯರ ಕುಪ್ಪಸದ ಕಾರ್ಯಕ್ಕೆ, ಚುನಾವಣೆಗೆ ನಾನು ಕಳಿಸುವ ಹಾರ್ನುಗಳಲ್ಲಿ ಹಾಡುತ್ತಿರುವುದು ಗಂಡಸೋ ಹೆಂಗಸೋ ಗೊತ್ತಾದರೆ ಅದೇ ಪುಣ್ಯ. ದಿನವಿಡೀ ಆ ಗದ್ದಲವನ್ನೇ ಮಾರುವವನಿಗೆ ಒಂದು ತಾಸಾದರೂ ಒಳ್ಳೆಯ ದನಿ ಕಿವಿಗೆ ಬೀಳಲಿ ಎನ್ನುವ ಆಸೆ ಇರಬಾರದೇ? ಮಿಠಾಯಿ ಅಂಗಡಿಯವನೇನು ಮನೆಯಲ್ಲಿ ರೊಟ್ಟಿ ತಿನ್ನುವುದಿಲ್ಲವೇ?

ಕರಿದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಹಾಡುವವನು ಉಸಿರೆಳೆದರೆ ಆ ಉಸಿರು ಕೇಳುತ್ತದೆ. ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ತಿದಿ ಕಿರುಗುಟ್ಟಿದರೆ ಅದೂ ಕೇಳುತ್ತದೆ. ಯಾರು ಎಲ್ಲಿ ಕುಳಿತಿದ್ದಾರೆ ಎಂದು ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ತೋರಿಸಬಹುದು. ಕಂದು ಬಣ್ಣದ್ದು ಹಾಗಲ್ಲ. ತಬಲಾದ ಡಗ್ಗಾ ಎದೆ ತುಂಬಿಕೊಂಡು ಬರುತ್ತದೆ, ಒರಟು ದನಿಯ ಮೇಲೆ ಬೆಣ್ಣೆ ಸವರಿದಂತಾಗುತ್ತದೆ, ಎಲ್ಲರೂ ಒಬ್ಬರಿಗೊಬ್ಬರು ಹತ್ತಿಕೊಂಡು ಕುಳಿತಂತೆ ಕೇಳುತ್ತದೆ. ನನ್ನ ಹೆಂಡತಿ ರೋಹಿಣಿ ಕರಿದಕ್ಕೆ ಹೆಡ್‌ಮಾಸ್ತರ ಎಂದೂ ಕಂದು ಬಣ್ಣದ್ದಕ್ಕೆ ಸೋದರಮಾವ ಎಂದೂ ಹೆಸರಿಟ್ಟಿದ್ದಾಳೆ.

“ಸೋದರಮಾವನ್ನ ಹಾಕ್ಕೊಂಡಾಗ ನಿಮ್ಮ ಮಾರಿ ನೋಡಾಕ ಚಂದ ಇರತೈತ್ರಿ,” ಎನ್ನುತ್ತಾಳೆ. “ಹೆಡ್‌ಮಾಸ್ತರನ್ನ ಹಾಕ್ಕೊಂಡ್ರ ಯಾರನ್ನೋ ಬೈಯಾಕ ಕುಂತಂಗ ಕುಂಡರ್ತೀರಿ.”

ಇರಬಹುದು. ಸ್ವಭಾವದಿಂದ ನಾನು ಹೆಡ್‌ಮಾಸ್ತರನ ಕಡೆಯವನೇ. ಸುಳ್ಳು ಸಿಹಿಯಾಗಿದ್ದಷ್ಟೂ ನನಗೆ ಸಿಟ್ಟು ಹೆಚ್ಚು. ಇಂಥ ಸಾಮಾನುಗಳ ಬಗ್ಗೆ ಕನ್ನಡದಲ್ಲಿ ಮಾತನಾಡುವ ಒಂದು ಯೂಟ್ಯೂಬ್ ಚಾನೆಲ್ಲನ್ನೂ ಇಟ್ಟುಕೊಂಡಿದ್ದೇನೆ. ನೋಡುವವರು ಮುನ್ನೂರು ಜನ, ಅದರಲ್ಲಿ ಅರ್ಧ ನಮ್ಮ ಬೀಗರು. ಹೋದ ಶ್ರಾವಣದಲ್ಲಿ ಈ ಎರಡನ್ನೂ ಹೋಲಿಸಿ ಮಾತನಾಡಬೇಕೆಂದುಕೊಂಡೆ. ಕರಾರುವಾಕ್ಕಾಗಿ ಕೇಳುವುದು ಮೇಲೋ, ಸುಖವಾಗಿ ಕೇಳುವುದು ಮೇಲೋ? ಹೋಲಿಸಬೇಕಾದರೆ ಚೆನ್ನಾಗಿ ಗೊತ್ತಿರುವ ಹಾಡೊಂದು ಬೇಕು. ಒಂಬತ್ತು ವರ್ಷದಿಂದ ಪ್ರತಿ ಶ್ರಾವಣ ಸೋಮವಾರ ಕುಂದಗೋಳ ತಾಲೂಕಿನ ಯರಗುಪ್ಪಿಯ ಮಠಕ್ಕೆ ನಾನೇ ಮೈಕ್ ಹಾಕುತ್ತೇನೆ. ಅಲ್ಲಿಯ ಭಜನಾ ಮೇಳದ ಪದಗಳು ನನಗೆ ನನ್ನ ಫೋನ್ ನಂಬರಿಗಿಂತ ಚೆನ್ನಾಗಿ ಗೊತ್ತು. ಎರಡನೆಯ ಸೋಮವಾರ ಹಾರ್ನಿನ ಮೈಕುಗಳ ಬಾಜುವಿಗೆ ನನ್ನ ಎರಡು ಒಳ್ಳೆಯ ಮೈಕುಗಳನ್ನೂ ನಿಲ್ಲಿಸಿ ರೆಕಾರ್ಡ್ ಮಾಡಿಕೊಂಡು ಬಂದೆ.

ಮೇಳದ ಮುಂದಾಳು ಶಂಭುಲಿಂಗಪ್ಪ ಕಾಕಾ, ಊರವರಿಗೆ ಗೌಡರು. ಎಪ್ಪತ್ತೆರಡು ವರ್ಷ, ನಲವತ್ತು ಎಕರೆ ಎರಿ ಹೊಲ, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಪೇಟಿ ಬಾರಿಸುತ್ತ ಮುಂದೆ ಕುಳಿತು ಅವರು ಪದ ಎತ್ತುತ್ತಾರೆ, ಬೆನ್ನ ಹಿಂದೆ ಕುಳಿತ ಹಿಮ್ಮೇಳ ಅದನ್ನು ತಿರುಗಿ ಹೇಳುತ್ತದೆ. ಅವರದೊಂದು ತತ್ವಪದ ಸುತ್ತ ಹತ್ತು ಹಳ್ಳಿಗೆ ಹೆಸರಾದದ್ದು: ‘ಕೆರೆಯ ದಂಡೀ ಮ್ಯಾಗ ನಿಂತು ಕರೆದೇನೋ ನಿನ್ನ.’ ಮೊದಲ ಸಾಲು ಕೆಳಗೇ ತಿರುಗಾಡುತ್ತದೆ. ಎರಡನೆಯದು, ‘ಓ ಅನ್ನಲಿಲ್ಲೋ ನೀನು’ ಎನ್ನುವುದು, ಒಮ್ಮೆಲೇ ಮೇಲಿನ ಷಡ್ಜಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಅಲ್ಲಿ ನಿಲ್ಲಲು ಎದೆ ಬೇಕು. ಆ ಸಾಲು ಬಂದಾಗ ಕಾಕಾ ಬಲಗೈ ಮೇಲೆತ್ತುತ್ತಾರೆ, ಮಠದ ತುಂಬ ಜನ ‘ಆಹಾ’ ಎನ್ನುತ್ತಾರೆ. ಎಪ್ಪತ್ತೆರಡರಲ್ಲಿ ಇಂಥ ದನಿಯೇ ಎಂದು ನಾನೂ ಎಷ್ಟೋ ಸಲ ಅಂದಿದ್ದೇನೆ.

ಮೊದಲು ಸೋದರಮಾವನಲ್ಲಿ ಕೇಳಿದೆ. ಸುಖವೋ ಸುಖ. ಮೇಲಿನ ಸಾಲು ಬಂದಾಗ ಕಾಕಾನ ದನಿ ಇಡೀ ತಲೆಯನ್ನು ತುಂಬಿತು.

ಆಮೇಲೆ ಹೆಡ್‌ಮಾಸ್ತರನನ್ನು ಹಾಕಿಕೊಂಡೆ. ಮೊದಲ ಸಾಲಿನಲ್ಲಿ ದನಿ ಹುಬ್ಬುಗಳ ನಡುವೆ ಇತ್ತು. ಕಾಕಾ ಕುಳಿತ ಜಾಗವೂ ಅದೇ. ಮೇಲಿನ ಸಾಲು ಬಂದ ಕೂಡಲೇ ದನಿ ಒಂದು ಗೇಣು ಎಡಕ್ಕೆ, ಸ್ವಲ್ಪ ಹಿಂದಕ್ಕೆ ಸರಿಯಿತು. ಸಾಲು ಮುಗಿದು ಕೆಳಗಿನದು ಬಂದಾಗ ತಿರುಗಿ ನಡುವಿಗೆ ಬಂತು. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಅಷ್ಟೇ. ಹೆಡ್‌ಫೋನಿನ ಎಡಗಡೆಯದು ಕೆಟ್ಟಿರಬೇಕು ಎಂದುಕೊಂಡು ರೆಕಾರ್ಡಿನ ಎಡ ಬಲಗಳನ್ನು ಅದಲು ಬದಲು ಮಾಡಿ ಕೇಳಿದೆ. ದನಿ ಈಗ ಬಲಕ್ಕೆ ಸರಿಯಿತು. ಅಂದರೆ ಸಾಮಾನು ಸರಿಯಾಗಿದೆ, ಸರಿಯುತ್ತಿರುವುದು ದನಿಯೇ.

ನಮ್ಮ ಕಡೆಯಿಂದ ನೋಡಿದರೆ ಕಾಕಾನ ಬೆನ್ನ ಹಿಂದೆ ಎಡಕ್ಕೆ ಕುಳಿತುಕೊಳ್ಳುವವನು ಮಾಳಪ್ಪ. ಕುರಿ ಕಾಯುವವನು, ಐವತ್ತರ ಆಸುಪಾಸು, ಹಿಮ್ಮೇಳದಲ್ಲಿ ತಾಳ ಹಾಕುತ್ತಾನೆ. ಕೆಳಗಿನ ಸಾಲಿನಲ್ಲಿ ಅವನ ದನಿ ಎಲ್ಲರ ಜೊತೆ ಇತ್ತು. ಮೇಲಿನ ಸಾಲಿನಲ್ಲಿ ಅವನೊಬ್ಬನೇ ಇದ್ದ. ಕಿವಿಗೊಟ್ಟು ಕೇಳಿದರೆ ನಡುವಿನಲ್ಲಿ ಕಾಕಾನದೂ ಇತ್ತು: ಉಸಿರು, ಒಂದಿಷ್ಟು ಕರಕರ, ಅಷ್ಟೇ. ಕಾಕಾನಿಗೆ ಇದು ಗೊತ್ತಿರಲಿಕ್ಕಿಲ್ಲ ಎಂದು ನನಗೆ ತಕ್ಷಣ ಅನಿಸಿತು. ಹಾಡುವವನಿಗೆ ತನ್ನ ದನಿ ತಲೆಬುರುಡೆಯೊಳಗಿನಿಂದ ಕೇಳುತ್ತದೆ. ಬೆನ್ನ ಹಿಂದೆ ಒಂದು ಮೊಳದಲ್ಲಿ ಇನ್ನೊಬ್ಬ ಅದೇ ಸ್ವರ ಹಿಡಿದರೆ, ಅದು ತನ್ನದೇ ಎಂದುಕೊಳ್ಳುವುದು ಬಹಳ ಸುಲಭ.

ನಾನು ಆ ವಿಡಿಯೋ ಮಾಡಲಿಲ್ಲ. ಅದಕ್ಕೆ ಕಾರಣವಿದೆ.

ಇಪ್ಪತ್ತು ವರ್ಷದ ಹಿಂದೆ ಮೇಳದ ಮುಂದಾಳು ಬುಡನಸಾಬ ಎಂಬ ಹಿರಿಯರು. ತತ್ವಪದದಲ್ಲಿ ಎತ್ತಿದ ಕೈ. ವಯಸ್ಸಾಗಿ ಅವರ ಉಸಿರು ಸೋತಾಗ ಶಂಭುಲಿಂಗಪ್ಪ ತುಂಬಿದ ಮಠದಲ್ಲಿ ಎದ್ದು ನಿಂತು ಒಂದು ಮಾತು ಅಂದಿದ್ದರು: “ಮ್ಯಾಲಿನ ಸಾಲ ಮುಟ್ಟದವರು ಪೇಟಿ ಮುಂದ ಕುಂಡ್ರಬಾರದು.” ಬುಡನಸಾಬ ಆ ಹೊತ್ತೇ ಎದ್ದು ಹೋದರು. ಸಾಯುವ ತನಕ ಮಠದ ಕಟ್ಟೆ ಹತ್ತಲಿಲ್ಲ. ಅಂದಿನಿಂದ ಆ ಮಾತು ಮೇಳದ ಕಟ್ಟಳೆಯಾಗಿದೆ. ನಾನು ಬಾಯಿ ಬಿಟ್ಟರೆ ಶಂಭುಲಿಂಗಪ್ಪನವರು ಪೇಟಿ ಬಿಡಬೇಕು. ಆ ಮನುಷ್ಯನಿಗೆ ಹೊಲ ಇದೆ, ಮನೆ ಇದೆ, ಮಾತು ಕೇಳುವ ಸೊಸೆಯಂದಿರಿದ್ದಾರೆ. ಆದರೆ ವರ್ಷದ ಹನ್ನೊಂದು ತಿಂಗಳು ಅವರು ಬದುಕುವುದು ಆ ಒಂದು ಸಾಲಿಗಾಗಿ. ಅದು ಊರಿಗೆಲ್ಲ ಗೊತ್ತಿದೆ.

ಮೂರನೆಯ ಸೋಮವಾರ ಕಳೆದ ಮೇಲೆ ಅವರು ಹೆಸರುಕಾಳು ತುಂಬಿದ ಟ್ರ್ಯಾಕ್ಟರಿನ ಸಂಗಡ ಅಣ್ಣಿಗೇರಿ ಪ್ಯಾಟಿಗೆ ಬಂದವರು, ನೇರ ಮನೆಯ ಮುಂಭಾಗದಲ್ಲಿರುವ ನನ್ನ ಅಂಗಡಿಗೆ ಬಂದರು.

“ರೆಕಾರ್ಡ್ ಮಾಡ್ಕೊಂಡ ಹೋಗೀದಿ ಅಂತಲ್ಲೋ ಈರೇಶ. ನನಗ ಕೇಳಸಂಗಿಲ್ಲೇನು?”

ನಾನು ಸೋದರಮಾವನನ್ನೇ ಕೊಟ್ಟೆ. ಮೊದಲ ಸಲ ನನ್ನ ಸ್ವಭಾವಕ್ಕೆ ವಿರುದ್ಧವಾದ ಕೆಲಸ ಮಾಡಿದೆ, ಮಾಡಿದ್ದಕ್ಕೆ ಸಮಾಧಾನವೂ ಆಯಿತು. ರುಮಾಲಿನ ಮೇಲೆಯೇ ಹಾಕಿಕೊಂಡು ಅವರು ಕಣ್ಣು ಮುಚ್ಚಿದರು. ಮೇಲಿನ ಸಾಲು ಬಂದಾಗ ಬಲಗೈ ತಾನಾಗಿ ಮೇಲೆ ಹೋಯಿತು. ರೋಹಿಣಿ ಚಹಾ ತಂದವಳು ಅವರನ್ನೇ ನೋಡುತ್ತ ನಿಂತಳು.

ಮುಗಿದ ಮೇಲೆ ಅವರು ಬಾಜುವಿಗಿದ್ದ ಕರಿದರ ಕಡೆ ನೋಡಿದರು. “ಅದೇನ ಅದು?”

“ಅದೂ ಹೆಡ್‌ಫೋನ ರೀ.”

“ಇದಕ್ಕೂ ಅದಕ್ಕೂ ಏನ ಫರಕ?”

ನಾನು ಹೇಳಬಾರದಿತ್ತು. ಬಾಯಿ ತಡೆಯಲಿಲ್ಲ. “ಇದು ಚಂದ ಮಾಡಿ ಹೇಳತೈತ್ರಿ. ಅದು ಇದ್ದದ್ದನ್ನ ಇದ್ದಂಗ ಹೇಳತೈತಿ.”

ಅವರು ಚಹಾ ಕೆಳಗಿಟ್ಟರು. “ಹಂಗಾರ ಅದನ್ನ ಕೊಡು.”

“ಎರಡೂ ಒಂದ ಪದಾನ ಕಾಕಾ, ಬಿಡ್ರಿ.”

“ಕೊಡೋ. ಊರ ಮಂದಿ ಹೊಗಳ್ತಾರ, ನನ್ನ ಕಣಜದಾಗ ಕಾಳ ಐತಿ ಅಂತ ಹೊಗಳ್ತಾರೋ, ದನಿ ಐತಿ ಅಂತ ಹೊಗಳ್ತಾರೋ ಗೊತ್ತಾಗಂಗಿಲ್ಲ. ಬುಡನಸಾಬಗ ನಾ ಹೇಳಿದೆ. ನನಗೂ ಯಾರರ ಹೇಳಬೇಕಲ್ಲ? ಮನಷ್ಯಾರು ಹೇಳಂಗಿಲ್ಲ. ಮಷಿನ್ ಹೇಳ್ಲಿ.”

ಕೊಟ್ಟೆ. ಅದನ್ನೂ ರುಮಾಲಿನ ಮೇಲೆಯೇ ಏರಿಸಿಕೊಂಡರು. ಅರ್ಧ ಪದ ಮುಗಿಯುವುದರೊಳಗೆ ಮುಖ ಬಿದ್ದುಹೋಯಿತು.

“ಇದು ನನ್ನ ದನಿ ಏನ? ತಗಡ ಬಡದಂಗ ಐತಲ್ಲೋ. ಕೆಳಗಿನ ಸಾಲೂ ತಗಡ, ಮ್ಯಾಲಿಂದೂ ತಗಡ.” ತೆಗೆದು ಮೇಜಿನ ಮೇಲಿಟ್ಟರು. “ತಿಳೀತು ಬಿಡು. ಈ ಸೋಮವಾರ ಪೇಟಿ ಬಿಟ್ಟಬಿಡ್ತೀನಿ.”

ಅದು ಸುಳ್ಳಾಗಿತ್ತು. ಹೆಡ್‌ಮಾಸ್ತರ ಕಿವಿಗೆ ಮೆತ್ತಗೆ ಸುತ್ತಲೂ ಕೂಡಬೇಕು. ನಡುವೆ ಒಂದು ಬಟ್ಟೆಯ ಮಡಿಕೆ ಬಂದರೂ ಸಾಕು, ದನಿಯ ಬುಡವೆಲ್ಲ ಸೋರಿಹೋಗಿ ಬರೀ ತುದಿ ಉಳಿಯುತ್ತದೆ. ಸೋದರಮಾವನಲ್ಲಿ ಬುಡ ಮೊದಲೇ ಬೇಕಾದ್ದಕ್ಕಿಂತ ಹೆಚ್ಚಾಗಿದ್ದುದರಿಂದ ಸೋರಿದ್ದು ಅವರಿಗೆ ಗೊತ್ತಾಗಿರಲಿಲ್ಲ. ಅವರು ಪೇಟಿ ಬಿಡುವುದಾದರೆ ಬಿಡಲಿ, ಆದರೆ ಒಂದು ಮಡಿಕೆ ಬಟ್ಟೆಯ ತಪ್ಪಿಗಾಗಿ ತನ್ನ ದನಿಯನ್ನೇ ತಗಡು ಎಂದುಕೊಂಡು ಬಿಡುವುದನ್ನು ನಾನು ನೋಡಲಾರದಾದೆ.

“ಕಾಕಾ, ಅದು ನಿಮ್ಮ ದನಿ ಅಲ್ರಿ. ರುಮಾಲಿಂದ ಹಂಗಾಗೈತಿ. ಅದನ್ನ ತಗದು ಕೇಳಬೇಕ್ರಿ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ವಯಸ್ಸಿನವರು ನಮ್ಮಲ್ಲಿ ನಾಲ್ಕು ಜನರೆದುರು ಬರೀ ತಲೆಯಲ್ಲಿ ಕೂರುವುದಿಲ್ಲ. ಅದೂ ಪರರ ಮನೆಯಲ್ಲಿ, ಹೆಣ್ಣುಮಕ್ಕಳೆದುರು. ಅವರು ರುಮಾಲಿಲ್ಲದೆ ಹೊರಗೆ ಕಂಡದ್ದು ಅಣ್ಣನ ಹೆಣ ಹೊತ್ತ ದಿನ ಮಾತ್ರ ಎಂದು ಕೇಳಿದ್ದೇನೆ. ರೋಹಿಣಿ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು. ಆ ಜಾಣತನಕ್ಕೆ ನಾನು ಇವತ್ತಿಗೂ ಅವಳಿಗೆ ಋಣಿ.

ಕಾಕಾ ಬೀದಿಯ ಕಡೆ ಒಮ್ಮೆ ನೋಡಿ, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಲೆ ಚಿಕ್ಕದಾಗಿತ್ತು, ಕೂದಲು ಬಹಳ ಉಳಿದಿರಲಿಲ್ಲ. ನಾನೇ ಹೆಡ್‌ಫೋನು ಕೂಡಿಸಿದೆ.

ಒಂದು ಸಲ ಕೇಳಿದರು. ಬೆರಳು ತಿರುಗಿಸಿ ಇನ್ನೊಮ್ಮೆ ಹಾಕು ಎಂದರು. ಮೂರನೆಯ ಸಲ ಮೇಲಿನ ಸಾಲು ಬಂದಾಗ ಅವರ ಬಲಗೈ ಏಳಲಿಲ್ಲ. ಎಡಗೈಯ ತೋರುಬೆರಳು ಮೂಗಿನ ಮುಂದಿನಿಂದ ಮೆಲ್ಲಗೆ ಎಡಕ್ಕೆ ಸರಿಯಿತು, ಸಾಲು ಮುಗಿದಾಗ ತಿರುಗಿ ನಡುವಿಗೆ ಬಂತು.

“ಮಾಳ್ಯಾ,” ಎಂದರು. ಅಷ್ಟೇ. ರುಮಾಲು ಸುತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಆಮೇಲೆ, “ಗಾಡಿ ತಗಿ. ಹೋಗೂಣು,” ಎಂದರು.

ಮಾಳಪ್ಪ ಯರಗುಪ್ಪಿಯ ಹೊರಗೆ ಕಾಕಾನದೇ ಹೊಲದಲ್ಲಿದ್ದ. ಹೆಸರಿನ ಬೆಳೆ ತೆಗೆದ ಮೇಲೆ ಗೊಬ್ಬರವಾಗಲಿ ಎಂದು ಅಲ್ಲಿ ಕುರಿ ತರುಬಿ ನಿಲ್ಲಿಸಿದ್ದರು. ನಮ್ಮನ್ನು ನೋಡಿ ಕಂಬಳಿ ಕೊಡವಿ ಹಾಸಿದ. ಕಾಕಾ ಕೂಡಲಿಲ್ಲ.

“ಎಷ್ಟ ವರ್ಷಾತೋ?”

“ಏನ್ರೀ ಗೌಡ್ರ?”

“ನನ್ನ ದನಿ ಹೋಗಿ.”

ಮಾಳಪ್ಪ ನನ್ನನ್ನು ನೋಡಿದ. ನಾನು ಕುರಿ ನೋಡಿದೆ.

“ಏಳ ವರ್ಷಾತ್ರಿ,” ಎಂದ. “ನಿಮಗ ಜ್ವರ ಬಂದು ಹುಬ್ಬಳ್ಳಿ ದವಾಖಾನ್ಯಾಗ ಇದ್ದು ಬಂದ್ರೆಲ್ಲ, ಆ ಶ್ರಾವಣ. ಮ್ಯಾಲಿನ ಸಾಲಿಗೆ ನಿಮ್ಮ ಉಸಿರು ಕಡೀತು. ಮಂದಿಗೆ ಗೊತ್ತಾಗೂದರಾಗ ನಾ ಎತ್ತಕೊಂಡೆ. ಒಂದ ವಾರದ ಮಾತು, ಮೈಯಾಗ ಕಸುವು ಬಂದ್ರ ನೀವ ಹಾಡ್ತೀರಿ ಅಂತ ತಿಳದಿದ್ದೆ.”

“ನನಗ ಯಾಕ ಹೇಳ್ಲಿಲ್ಲ?”

“ಹೇಳಾಕಂತನ ಮರುದಿನ ಮನಿಗೆ ಬಂದಿದ್ದೆ ರೀ. ನೀವು ‘ಮಾಳಪ್ಪ, ದನಿ ತಿರುಗಿ ಬಂತೋ’ ಅಂತ ನನ್ನ ಕೈಯಾಗ ಸಕ್ರಿ ಹಾಕಿದ್ರಿ.” ಅವನು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. “ಸಕ್ರಿ ತಿಂದ ಮ್ಯಾಲ ಹೆಂಗ ಹೇಳ್ಲಿ?”

ಏಳು ವರ್ಷ. ಊರವರ ‘ಆಹಾ’ ಎಲ್ಲ ತನ್ನ ಮುಂದೆ ಕುಳಿತವನಿಗೆ ಹೋಗುವುದನ್ನು ನೋಡುತ್ತ ಈ ಮನುಷ್ಯ ತಾಳ ಹಾಕುತ್ತ ಕುಳಿತಿದ್ದ. ನಾನಾಗಿದ್ದರೆ ಏಳು ದಿನ ತಡೆಯುತ್ತಿರಲಿಲ್ಲ.

“ಬರೂ ಸೋಮವಾರ ಪೇಟಿ ಮುಂದ ನೀ ಕುಂಡ್ರು,” ಎಂದರು ಕಾಕಾ.

“ಬ್ಯಾಡ್ರಿ. ನನಗ ಬರಂಗಿಲ್ರಿ.”

“ಪೇಟಿ ಈರೇಶ ಯಾರನ್ನರ ಹಚ್ಚತಾನ. ನೀ ಹಾಡು ಸಾಕು.”

“ಪೇಟಿ ಮಾತಲ್ರಿ ಗೌಡ್ರ. ನಿಮ್ಮ ಬೆನ್ನ ನೋಡಿಕೋತ ಹಾಡಿ ರೂಢಿ ಆಗೇತಿ. ಮುಂದ ಕುಂತರ ದನೀನ ಏಳಂಗಿಲ್ಲ. ಮಂದಿ ಮಾರಿ ನೋಡಿದ್ರ ನನಗ ಪದಾನ ಮರೀತೈತಿ.” ಕೈ ಮುಗಿದ. “ಹೆಂಗ ನಡದೈತಿ ಹಂಗ ನಡೀಲ್ರಿ. ಯಾರಿಗೇನ ಲುಕ್ಸಾನ ಆಗೇತಿ?”

ಕಾಕಾ ತಿರುಗಿ ಗಾಡಿಯ ಕಡೆ ನಡೆದರು. ಮನೆಯ ಮುಂದೆ ಗಾಡಿ ಇಳಿದಾಗ, “ಯಾರ ಮುಂದೂ ಹೇಳಬ್ಯಾಡ. ನಾನ ನೋಡಿಕೋತೀನಿ,” ಎಂದರು.

ಶ್ರಾವಣದ ಕೊನೆಯ ಸೋಮವಾರ ಮಧ್ಯಾಹ್ನ ಪ್ರಸಾದ ಮುಗಿದ ಮೇಲೆ ಭಜನೆ ಕೂತಿತು. ಮಠ ತುಂಬಿತ್ತು. ಕಾಕಾ ಎಂದಿನಂತೆ ಪೇಟಿಯ ಮುಂದೆ, ಮಾಳಪ್ಪ ಎಂದಿನಂತೆ ಹಿಂದೆ. ನಾಲ್ಕು ಪದ ಆದವು. ಹಾಗಾದರೆ ನಡೆದಂತೆಯೇ ನಡೆಯುತ್ತದೆ ಎಂದುಕೊಂಡು ನಾನು ಮಿಕ್ಸರಿನ ಮುಂದೆ ಅಡಕಿ ಅಗಿಯುತ್ತ ಕುಳಿತೆ. ಐದನೆಯದು ಆ ಪದ.

‘ಕೆರೆಯ ದಂಡೀ ಮ್ಯಾಗ ನಿಂತು’ ಎಂದು ಕಾಕಾ ಎತ್ತಿದರು. ಹಿಮ್ಮೇಳ ತಿರುಗಿ ಹೇಳಿತು. ಮೇಲಿನ ಸಾಲಿಗೆ ಪೇಟಿ ಏರಿದ ಕೂಡಲೇ ಕಾಕಾ ಬಾಯಿ ಮುಚ್ಚಿದರು. ಎಲ್ಲರಿಗೂ ಕಾಣುವ ಹಾಗೆ ತುಟಿಗಳನ್ನು ಒತ್ತಿ ಮುಚ್ಚಿದರು. ಕೈಯೂ ಏಳಲಿಲ್ಲ. ಮಾಳಪ್ಪ ರೂಢಿಯಂತೆ ಕಣ್ಣು ಮುಚ್ಚಿ ಹಾಡಿದ. ಹಿಂದಿನ ಏಳು ವರ್ಷ ಕೇಳಿದ ಅದೇ ದನಿ, ಅದೇ ಷಡ್ಜ, ಅಷ್ಟೇ ಹೊತ್ತು ನಿಂತದ್ದು.

ಯಾರೂ ‘ಆಹಾ’ ಎನ್ನಲಿಲ್ಲ. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ನನ್ನ ಬಾಜುವಿಗೆ ಕುಳಿತ ಪಂಚಾಯಿತಿ ಮೆಂಬರ್ ಹನುಮೇಶ ಮುಖ ಹುಳ್ಳಗೆ ಮಾಡಿ ನನ್ನ ಕಿವಿಯಲ್ಲಿ, “ಗೌಡ್ರ ದನಿ ಕೈ ಕೊಟ್ಟಿತು. ಮಾಳ್ಯಾ ಸಂಬಾಳಸಾಕ ಹೋದ, ಆದ್ರ ಗೌಡ್ರಂಗ ಎಲ್ಲಿ ಬರಬೇಕು?” ಎಂದ. ನನಗೆ ಮೈಯೆಲ್ಲ ಉರಿಯಿತು. ಕಣ್ಣಿನಿಂದ ಕೇಳುವ ಈ ಮಂದಿಗೆ ಯಾವ ಹೆಡ್‌ಫೋನು ಕೊಟ್ಟರೇನು ಬಂತು?

ಎರಡನೆಯ ನುಡಿಗೆ ಕಾಕಾ ಮಾಡಿದ್ದನ್ನು ಕಂಡವನು ನಾನೊಬ್ಬನೇ. ಅವರ ಮೈಕಿನ ದನಿ ಅಳೆಯುವ ಮಿಕ್ಸರಿನ ಮುಳ್ಳು ನನ್ನ ಎದುರಿಗಿತ್ತು. ಮೇಲಿನ ಸಾಲಿಗೆ ಅವರು ಬಾಯಿ ಅಗಲ ತೆರೆದರು, ಕೈ ಎತ್ತಿದರು, ಕೊರಳಿನ ನರ ಉಬ್ಬಿಸಿದರು. ಬಾಯಿಂದ ಏನೂ ಬರಲಿಲ್ಲ. ಉಸಿರು ಕೂಡ ಇಲ್ಲ. ಹಿಂದಿನಿಂದ ಮಾಳಪ್ಪನದೊಂದೇ ದನಿ.

“ಆಹಾ!” ಎಂದಿತು ಮಠ. “ಈಗ ಬಂತ ನೋಡ್ರಿ!” ಎಂದು ಹನುಮೇಶ ನನ್ನ ತೊಡೆಗೆ ಬಡಿದ.

ಕಾಕಾ ಎತ್ತಿದ ಕೈ ಹಾಗೆಯೇ ಹಿಡಿದು ಜನರನ್ನು ಒಂದು ಕಡೆಯಿಂದ ಇನ್ನೊಂದು ಕಡೆಯ ತನಕ ನೋಡಿದರು. ಹಾಗೇ ನಡೆಸಿಕೊಂಡು ಹೋಗಬಹುದಿತ್ತು, ಬೇಕಾದರೆ ಇನ್ನೂ ಹತ್ತು ವರ್ಷ. ದನಿ ಇಲ್ಲದೆಯೂ ಊರು ಅವರಿಗೇ ಆಹಾ ಎನ್ನುತ್ತದೆ ಎಂದು ಈಗಷ್ಟೇ ರುಜುವಾಗಿತ್ತು. ಅವರು ಒಂದು ಕ್ಷಣ ಅದನ್ನೇ ಯೋಚಿಸಿದರು ಎಂದು ನನಗನಿಸಿತು. ನಾನು ಅದಕ್ಕೆ ಅವರನ್ನು ಬೈಯುತ್ತಿರಲಿಲ್ಲ.

ಮೂರನೆಯ ನುಡಿಯ ಮೇಲಿನ ಸಾಲು ಶುರುವಾಗಿ, ಮಾಳಪ್ಪ ಕಣ್ಣು ಮುಚ್ಚಿ ಷಡ್ಜ ಹಿಡಿದಾಗ ಕಾಕಾ ಪೇಟಿಯ ತಿದಿ ಬಿಟ್ಟರು. ಮೊಣಕಾಲಿಗೆ ಕೈಯೂರಿ ಎದ್ದರು, ಮಾಳಪ್ಪನನ್ನು ದಾಟಿ ಹೋಗಿ ಅವನ ಬೆನ್ನ ಹಿಂದೆ ಕುಳಿತರು. ಪೇಟಿ ನಿಂತುಹೋಗಿತ್ತು, ತಬಲಾದವನು ದಿಕ್ಕು ತೋಚದೆ ಕೈ ನಿಲ್ಲಿಸಿದ್ದ. ತುಂಬಿದ ಮಠದಲ್ಲಿ ಇದ್ದದ್ದು ಆ ಒಂದು ದನಿ, ಅದರ ಮುಂದೆ ಯಾರೂ ಇಲ್ಲದ ಒಂದು ಪೇಟಿ. ನಾನು ಕೈ ಚಾಚಿ ಹಾರ್ನುಗಳನ್ನು ಆರಿಸಿಬಿಟ್ಟೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ದನಿ ಕಡಿಮೆಯಾಗಲಿಲ್ಲ. ಹನುಮೇಶ ತೆರೆದ ಬಾಯಿ ಮುಚ್ಚಲಿಲ್ಲ.

ಸಾಲು ಮುಗಿದು ಮಾಳಪ್ಪ ಕಣ್ಣು ತೆರೆದ. ಮುಂದೆ ಬೆನ್ನು ಇರಲಿಲ್ಲ, ಊರಿತ್ತು. ಅವನು ಕೈಯಲ್ಲಿದ್ದ ತಾಳ ಕೆಳಗಿಟ್ಟ. ಎದ್ದು ಹೋಗುತ್ತಾನೆ ಎಂದುಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಒಡಕು ದನಿಯಲ್ಲಿ ಶಂಭುಲಿಂಗಪ್ಪ ಹಿಮ್ಮೇಳದ ಸಾಲು ಎತ್ತಿಕೊಂಡರು. ಅವರೊಬ್ಬರೇ. ಕೆಳಗಿನ ಸಾಲು, ಅವರಿಗೆ ಇನ್ನೂ ಬರುತ್ತಿದ್ದದ್ದು. ಪೂರ್ತಿ ಹಾಡಿ ಮುಗಿಸಿ, ಮಾಳಪ್ಪನ ಬೆನ್ನ ಮೇಲೆ ಕೈಯಿಟ್ಟು, “ಹೂಂ, ಮುಂದ ಹೇಳು,” ಎಂದರು. ಮಾಳಪ್ಪ ಹೇಳಿದ.